ತಲೆ ಮೇಲೆ ಬಾಂಬು, ಬಾಯಲ್ಲಿ ಜೋಕು: ನಿಜಾನಾ?

ಎರಡನೇ ಮಹಾಯುದ್ಧದ ಕಾಲದ ಇಂಗ್ಲೆಂಡಿನಲ್ಲಿ ಸಾಮಾನ್ಯ ಜನ ಹೇಗೆ ಬದುಕಿದರು ಅನ್ನುವುದರ ಬಗ್ಗೆ ನಾನು ಆಗಾಗ ಬರೆಯುತ್ತೇನೆ. ಹಾಗಾಗಿ ಯಾರೇ ಸಿಕ್ಕರೂ ಒಂದು ಪ್ರಶ್ನೆ ಗ್ಯಾರಂಟಿ. "ಬಾಂಬು ಬೀಳ್ತಾ ಇದ್ದಾಗ ಆ ಜನ ನಿಜವಾಗ್ಲೂ ನಗ್ತಾ ಇದ್ರಾ, ಅಥವಾ ಆಮೇಲೆ ಕಟ್ಟಿದ ಕತೆನಾ?" ಹೋದ ಸಲ ಹೀಗೆ ಕೇಳಿದ ಗೆಳೆಯನ ಕೈಯಲ್ಲಿ ಕಾಫಿ ಮಗ್ ಇತ್ತು. ಕೆಂಪು ಬಣ್ಣ, ಮೇಲೊಂದು ಕಿರೀಟ, ಕೆಳಗೆ 'ಕೀಪ್ ಕಾಮ್ ಆ್ಯಂಡ್ ಕ್ಯಾರಿ ಆನ್', ಅಂದರೆ ಗಾಬರಿಯಾಗಬೇಡಿ, ನಿಮ್ಮ ಕೆಲಸ ಮುಂದುವರಿಸಿ ಅಂತ.

ಆ ಮಗ್‌ನಿಂದಲೇ ಶುರು ಮಾಡೋಣ. ಅದರ ಮೇಲಿರುವುದು ಯುದ್ಧಕಾಲದ ಒಂದು ಪೋಸ್ಟರ್. ಅದನ್ನು ಸರ್ಕಾರ 1939ರಲ್ಲಿ ಸುಮಾರು 24.5 ಲಕ್ಷ ಪ್ರತಿ ಅಚ್ಚು ಹಾಕಿಸಿತು. ಆದರೆ ಗೋಡೆಗೆ ಅಂಟಿಸಲೇ ಇಲ್ಲ ಅನ್ನಬಹುದು. ಅದರ ಜೊತೆಯಲ್ಲೇ ಅಚ್ಚಾಗಿದ್ದ ಇನ್ನೊಂದು ಪೋಸ್ಟರ್ ಊರೆಲ್ಲ ಕಾಣಿಸಿಕೊಂಡಿತ್ತು: 'ನಿಮ್ಮ ಧೈರ್ಯ, ನಿಮ್ಮ ಉತ್ಸಾಹ, ನಿಮ್ಮ ಛಲ ನಮಗೆ ಗೆಲುವು ತರುತ್ತದೆ.' ಓದಿದ ಜನ ಮೂಗು ಮುರಿದರು. ಕಷ್ಟ ನಮ್ಮದು, ಗೆಲುವು ಮಾತ್ರ ನಿಮ್ಮದಾ? ಕೆಂಪು ಪೋಸ್ಟರಿನ ಹೆಚ್ಚಿನ ಪ್ರತಿಗಳು ರದ್ದಿಗೆ ಹೋದವು. 2000ದಲ್ಲಿ ಆನಿಕ್ ಅನ್ನುವ ಊರಿನ ಹಳೇ ಪುಸ್ತಕದಂಗಡಿ ಬಾರ್ಟರ್ ಬುಕ್ಸ್‌ನಲ್ಲಿ ಒಂದು ಪ್ರತಿ ಸಿಕ್ಕಿತು. ಈಗ ನಾವೆಲ್ಲ ಅದರಲ್ಲಿ ಕಾಫಿ ಕುಡಿಯುತ್ತಿದ್ದೇವೆ.

ನನ್ನ ಉತ್ತರವೂ ಇದರಲ್ಲೇ ಇದೆ. ನಗುತ್ತಿದ್ದರು, ಹೌದು. ಆದರೆ ನಾವು ಅಂದುಕೊಂಡ ಹಾಗೆ ಎದೆಯುಬ್ಬಿಸಿ ಹಿಟ್ಲರನನ್ನು ನೋಡಿ ನಕ್ಕಿದ್ದು ಕಮ್ಮಿ. ಜಾಸ್ತಿ ನಕ್ಕಿದ್ದು ತಮ್ಮದೇ ಸರ್ಕಾರವನ್ನು ನೋಡಿ. ಅದು ಧೈರ್ಯಕ್ಕಿಂತ ಹೆಚ್ಚಾಗಿ ಗೊಣಗಾಟ. ನಮ್ಮಲ್ಲಿ ರೇಷನ್ ಅಂಗಡಿ ಮುಂದೆ ಸೀಮೆಎಣ್ಣೆ ಕ್ಯಾನುಗಳನ್ನು ಸಾಲಾಗಿಟ್ಟು ಕಾದವರಿಗೆ ಈ ಜಾತಿಯ ಜೋಕು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹೋಮ್ ಗಾರ್ಡ್ ಕತೆ ನೋಡಿ. 1940ರ ಮೇ 14ರಂದು ಊರು ಕಾಯಲು ಸ್ವಯಂಸೇವಕರು ಬೇಕೆಂದು ರೇಡಿಯೋದಲ್ಲಿ ಕರೆ ಬಂತು. ಪಡೆಯ ಮೊದಲ ಹೆಸರು 'ಲೋಕಲ್ ಡಿಫೆನ್ಸ್ ವಾಲಂಟಿಯರ್ಸ್', ಚಿಕ್ಕದಾಗಿ ಎಲ್‌ಡಿವಿ. ಜನ ಅದನ್ನು 'ಲುಕ್, ಡಕ್ ಆ್ಯಂಡ್ ವ್ಯಾನಿಶ್' ಎಂದು ಬಿಡಿಸಿದರು. ನೋಡು, ಬಗ್ಗು, ಮಾಯವಾಗು! ಆ ಪಡೆಗೆ ಬಂದೂಕು ಸಾಲದಾಯಿತು. ಒಂದು ಈಟಿಯಾದರೂ ಸರಿ, ಎಲ್ಲರ ಕೈಯಲ್ಲಿ ಏನಾದರೊಂದು ಆಯುಧ ಇರಲಿ ಎಂದು 1941ರಲ್ಲಿ ಚರ್ಚಿಲ್ ಬರೆದರು. ಯುದ್ಧ ಇಲಾಖೆಯವರು ಅದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರು. ಕಬ್ಬಿಣದ ಕೊಳವೆಗೆ ಹಳೇ ಬಯೋನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಬೆಸುಗೆ ಹಾಕಿಸಿ 2,50,000 ಈಟಿಗಳಿಗೆ ಆರ್ಡರ್ ಕೊಟ್ಟರು! ಹಿಂದಿನ ಮಹಾಯುದ್ಧದಲ್ಲಿ ಮೆಷಿನ್ ಗನ್ ಎದುರಿಸಿ ಬಂದ ಎಷ್ಟೋ ಜನ ಆ ಪಡೆಯಲ್ಲಿದ್ದರು. ಅವರಿಗೆ ಹೇಗಾಗಿರಬೇಡ? ಪಾರ್ಲಿಮೆಂಟಿನಲ್ಲೂ ರಂಪವಾಯಿತು.

ಇನ್ನು ಊಟ. 1940ರ ಜನವರಿ 8ಕ್ಕೆ ರೇಷನ್ ಬಂತು. ಮೊದಲು ಬೆಣ್ಣೆ, ಸಕ್ಕರೆ, ಬೇಕನ್ ಅನ್ನುವ ಹಂದಿಮಾಂಸ. ಜುಲೈ ಹೊತ್ತಿಗೆ ಚಹಾಪುಡಿಗೂ ಲೆಕ್ಕ ಬಂತು: ಒಬ್ಬರಿಗೆ ವಾರಕ್ಕೆ ಸುಮಾರು 57 ಗ್ರಾಂ. ಇಂಗ್ಲಿಷರಿಗೆ ಚಹಾ ಕಮ್ಮಿ ಮಾಡೋದು ಅಂದರೆ ಸಣ್ಣ ಮಾತಲ್ಲ. ಮೊಟ್ಟೆ ವಾರಕ್ಕೆ ಒಂದು, ಅದೂ ಸಿಕ್ಕರೆ. ಆಮೇಲೆ ಅಮೆರಿಕದಿಂದ ಮೊಟ್ಟೆಪುಡಿ ಬಂತು. ಆಹಾರ ಮಂತ್ರಿ ಲಾರ್ಡ್ ವುಲ್ಟನ್ ಹೆಸರಿನಲ್ಲಿ ಒಂದು ಪೈ ಪ್ರಸಿದ್ಧವಾಯಿತು. ಆಲೂಗಡ್ಡೆ, ಕ್ಯಾರೆಟ್, ಹೂಕೋಸು, ಒಂದಿಷ್ಟು ಓಟ್ಸ್, ಮಾಂಸದ ಸುಳಿವೇ ಇಲ್ಲ. ಮೊದಲು ಮಾಡಿದ್ದು ಲಂಡನ್ನಿನ ಸವಾಯ್ ಹೋಟೆಲಿನ ಬಾಣಸಿಗ. ನಮಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ, ಸ್ವಲ್ಪ ಒಗ್ಗರಣೆ ಬಿದ್ದಿದ್ದರೆ ಚೆನ್ನಾಗೇ ಇರುತ್ತಿತ್ತು. ಆದರೆ ಪೈ ಅಂದರೆ ಒಳಗೆ ಮಾಂಸ ಇರಲೇಬೇಕು ಅಂದುಕೊಂಡ ಜನಕ್ಕೆ ಅದು ವರ್ಷಗಟ್ಟಲೆ ತಮಾಷೆಯ ವಸ್ತುವಾಯಿತು.

ಕೇಕ್ ಮೇಲಿನ ಸಕ್ಕರೆ ಐಸಿಂಗ್ 1940ರಲ್ಲೇ ನಿಷೇಧವಾಯಿತು. ಮದುವೆಗೆ ಮೂರಂತಸ್ತಿನ ಬಿಳಿ ಕೇಕ್ ಬೇಡವೇ? ಪುಟ್ಟ ಕೇಕಿನ ಮೇಲೆ ರಟ್ಟಿನ ಕೇಕ್ ಮುಚ್ಚಿ ಫೋಟೋ ತೆಗೆಸಿಕೊಂಡರು. ರಟ್ಟು ಬಾಡಿಗೆಗೆ ಸಿಗುತ್ತಿತ್ತು. ಬಟ್ಟೆ ಉಳಿಸಲು 1942ರಲ್ಲಿ ಗಂಡಸರ ಪ್ಯಾಂಟಿನ ಕೆಳಮಡಿಕೆಗೂ ಕತ್ತರಿ ಬಿತ್ತು. ಗಂಡಸರು ಉದ್ದದ ಪ್ಯಾಂಟು ಕೊಂಡು, ಮನೆಗೆ ತಂದು ಮಡಿಸಿ ಹೊಲಿಸಿಕೊಂಡರು. ಉಳಿಯಬೇಕಿದ್ದ ಬಟ್ಟೆ ಹಾಗೆ ಖರ್ಚಾಯಿತು.

ಈ ಗೊಣಗಾಟಕ್ಕೆ ರೇಡಿಯೋದಲ್ಲೂ ಜಾಗ ಸಿಕ್ಕಿತ್ತು. ಬಿಬಿಸಿಯ 'ಇಟ್ಮಾ' ಅನ್ನುವ ನಗೆ ಕಾರ್ಯಕ್ರಮದಲ್ಲಿ ಟಾಮಿ ಹ್ಯಾಂಡ್ಲಿ ಒಬ್ಬ ಮಂತ್ರಿಯಾಗಿದ್ದ. ಖಾತೆ: ಕಿರಿಕಿರಿ ಮತ್ತು ರಹಸ್ಯ! ಅದೇ ಕಾರ್ಯಕ್ರಮದಲ್ಲಿ ಫುನ್ಫ್ ಅನ್ನುವ ಜರ್ಮನ್ ಗೂಢಚಾರನೂ ಇದ್ದ. ನಟ ಗಾಜಿನ ಲೋಟದೊಳಗೆ ಬಾಯಿಟ್ಟು ಆ ಗೊಗ್ಗರು ದನಿ ತೆಗೆಯುತ್ತಿದ್ದ. ಜನ ಫೋನ್ ಎತ್ತಿ "ಫುನ್ಫ್ ಮಾತಾಡ್ತಿದೀನಿ" ಅನ್ನತೊಡಗಿದರು.

ಸರ್ಕಾರಕ್ಕೆ ಈ ಬಾಯಿ ಹಿಡಿಸಲಿಲ್ಲ. 1940ರ ಜುಲೈನಲ್ಲಿ, ಗಾಳಿಮಾತು ಆಡಬೇಡಿ, ಆಡುವವರನ್ನು ತಡೆಯಿರಿ ಎಂದು 'ಸೈಲೆಂಟ್ ಕಾಲಮ್' ಅನ್ನುವ ಪ್ರಚಾರ ಶುರುವಾಯಿತು. ಮನಸ್ಸು ಕುಗ್ಗಿಸುವ ಮಾತಾಡಿದವರ ಮೇಲೆ ಕೇಸುಗಳೂ ಬಿದ್ದವು. ಜನ ಎಷ್ಟು ಸಿಟ್ಟಾದರೆಂದರೆ ಕೆಲವೇ ವಾರಗಳಲ್ಲಿ ಅದನ್ನು ಕೈಬಿಡಬೇಕಾಯಿತು. ಅದೇ ಸುಮಾರಿಗೆ ಪ್ರಚಾರ ಮಂತ್ರಿ ಡಫ್ ಕೂಪರ್ ಜನರ ಮನಸ್ಸು ತಿಳಿಯಲು ಮನೆಮನೆಗೆ ಕಳಿಸಿದವರಿಗೆ 'ಕೂಪರ್ಸ್ ಸ್ನೂಪರ್ಸ್' ಎಂದು ಹೆಸರು ಬಿತ್ತು, ಕೂಪರನ ಮೂಗು ತೂರಿಸುವವರು ಅಂತ.

ಹಾಗಾದರೆ ಬಾಂಬಿನ ಬಗ್ಗೆ? 1940ರ ಸೆಪ್ಟೆಂಬರ್ 7ರಿಂದ ಲಂಡನ್ ಮೇಲೆ 57 ರಾತ್ರಿ ಬಿಡದೆ ದಾಳಿ ನಡೆಯಿತು. ಗಾಜು ಹಾರಿ, ಮುಂಗೋಡೆ ಬಿದ್ದ ಅಂಗಡಿಗಳ ಮುಂದೆ 'ಎಂದಿಗಿಂತ ಜಾಸ್ತಿ ತೆರೆದಿದೆ' ಎಂಬ ಬೋರ್ಡು ನೇತಾಡಿದ್ದು ನಿಜ. ಆದರೆ ಬೋರ್ಡು ಬರೆಯಲು ಅಂಗಡಿಯವನು ಬದುಕಿರಬೇಕಲ್ಲ. ಎಂಟು ತಿಂಗಳ ದಾಳಿಯಲ್ಲಿ ದೇಶದಾದ್ಯಂತ ಸುಮಾರು 43,000 ಜನಸಾಮಾನ್ಯರು ಸತ್ತರು. 1943ರ ಮಾರ್ಚ್ 3ರಂದು ಲಂಡನ್ನಿನಲ್ಲಿ ಜನ ಬಾಂಬಿನಿಂದ ಆಶ್ರಯ ಪಡೆಯುತ್ತಿದ್ದ ಬೆತ್ನಲ್ ಗ್ರೀನ್ ಸುರಂಗ ರೈಲು ನಿಲ್ದಾಣದ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 173 ಜನ ಸತ್ತರು. ಅಲ್ಲಿ ಆ ರಾತ್ರಿ ಬಾಂಬೇ ಬಿದ್ದಿರಲಿಲ್ಲ. ಅದರ ತನಿಖೆಯ ವರದಿಯನ್ನು ಸರ್ಕಾರ ಆಗ ಹೊರಗೆ ಬಿಡಲಿಲ್ಲ. ಈ ಘಟನೆಯ ಮೇಲೆ ಒಂದು ಜೋಕನ್ನೂ ನಾನು ಕಂಡಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಜನ ಗೋಡೆಗಳ ಮೇಲೆ ಗೀಚುತ್ತಿದ್ದ ಚಾಡ್ ಅನ್ನುವ ಚಿತ್ರ. ಬೋಳುತಲೆ, ಗೋಡೆಯಾಚೆಯಿಂದ ಇಣುಕುವ ಉದ್ದ ಮೂಗು, ಅಂಚು ಹಿಡಿದ ಬೆರಳು. ಕೆಳಗೆ 'ಏನು, ಸಕ್ಕರೆ ಇಲ್ವಾ?' ಅನ್ನುವಂಥ ಒಂದು ಸಾಲು. ಸಕ್ಕರೆ ಜಾಗದಲ್ಲಿ ಆವತ್ತು ಏನು ಸಿಗಲಿಲ್ಲವೋ ಅದನ್ನು ಬರೆದರಾಯಿತು. ಯುದ್ಧ 1945ರಲ್ಲಿ ಮುಗಿಯಿತು, ಚಾಡ್‌ಗೆ ಕೆಲಸ ಮುಗಿಯಲಿಲ್ಲ. ಯುದ್ಧ ನಡೆದಷ್ಟೂ ಕಾಲ ರೇಷನ್ ಇಲ್ಲದೆ ಸಿಕ್ಕಿದ್ದ ಬ್ರೆಡ್ಡಿಗೆ 1946ರ ಜುಲೈನಲ್ಲಿ ರೇಷನ್ ಬಂತು. ಮಾಂಸದ ರೇಷನ್ ಹೋಗಿದ್ದು 1954ಕ್ಕೆ.