ಅಬ್‌ಸ್ಟ್ರಕ್ಷನ್ ಬೋರ್ಡ್: ಪಟ್ಟಿ, ಪಿನ್ ಬೇರೆಯಾದವು

ಕೊನೆಗೂ ಬೋರ್ಡ್ ಅಬ್‌ಸ್ಟ್ರಕ್ಷನ್‌ಗೆ (ಫೀಲ್ಡರ್ ರನ್ನರ್ ದಾರಿಗೆ ಅಡ್ಡಿಯಾಗುವುದಕ್ಕೆ) ಸರಿಯಾದ ತೀರ್ಪು ಕೊಡುತ್ತಿದೆ! ಹೊಸ ಅಂಪೈರ್‌ಗಳ ಅಭ್ಯಾಸಕ್ಕೆ ಮಾಡುತ್ತಿರುವ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ಮೈದಾನದ ಮಾದರಿ ಇದು. ಒಂದು ಅಡಿಗೆ ಒಂದು ಸೆಂಟಿಮೀಟರ್ ಲೆಕ್ಕ. ಹಾಗಾಗಿ ಬೇಸ್‌ನಿಂದ ಬೇಸ್‌ಗೆ 60 ಸೆಂ.ಮೀ. ಗೆರೆ, ಬಣ್ಣದ ಕೆಲಸ ನಿಮಗೆಲ್ಲ ಗೊತ್ತಿರುವುದೇ, ಬಿಡಿ.

ಕಾಡಿದ್ದು ಒಂದೇ ಆಟ. ರನ್ನರ್ ಎರಡನೇ ಬೇಸ್ ಮುಟ್ಟಿ ಮೂರನೆಯದರತ್ತ ತಿರುಗುತ್ತಾಳೆ. ಚೆಂಡಿನ ಗೊಡವೆಯೇ ಇಲ್ಲದ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ದಾರಿಗೆ ಅಡ್ಡ ನಿಂತಿದ್ದಾಳೆ. ಅಂಪೈರ್ ಎಡಗೈ ಪಕ್ಕಕ್ಕೆ ಚಾಚಿ ಮುಷ್ಟಿ ಹಿಡಿಯುತ್ತಾರೆ: ಡಿಲೇಡ್ ಡೆಡ್ ಬಾಲ್, ಅಂದರೆ ಅಡ್ಡಿ ಕಂಡಿದ್ದೇನೆ, ತೀರ್ಪು ಆಮೇಲೆ. ಆಟ ನಿಲ್ಲುವುದಿಲ್ಲ. ಮೂರನೇ ಬೇಸ್ ಮುಟ್ಟುವ ಮೊದಲೇ ಅವಳಿಗೆ ಟ್ಯಾಗ್ (ಚೆಂಡು ಹಿಡಿದ ಫೀಲ್ಡರ್ ಮುಟ್ಟುವುದು) ಬೀಳುತ್ತದೆ. ತಕ್ಷಣ ಡೆಡ್ ಬಾಲ್ ಕರೆದು ಆಟ ನಿಲ್ಲಿಸಬೇಕು, ಸರಿ. ಆಮೇಲೆ ಅವಳನ್ನು ಎಲ್ಲಿಗೆ ಕಳಿಸುವುದು?

ಹೊಸಬರು ಥಟ್ಟನೆ ‘ಮೂರಕ್ಕೆ’ ಅನ್ನುತ್ತಾರೆ. ಬೇಸ್‌ಬಾಲ್ ನೋಡಿ ಬಂದವರಂತೂ ಇನ್ನೂ ಜೋರಾಗಿ. ಅಲ್ಲಿ ರನ್ನರ್ ಮೇಲೆಯೇ ಪ್ಲೇ (ಔಟ್ ಮಾಡುವ ಯತ್ನ) ನಡೆಯುವಾಗ ಅಡ್ಡಿಯಾದರೆ ಕನಿಷ್ಠ ಒಂದು ಬೇಸ್ ಸಿಗುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಹಾಗಿಲ್ಲ. ಅಡ್ಡಿ ಇಲ್ಲದಿದ್ದರೆ ಎಲ್ಲಿಗೆ ತಲುಪುತ್ತಿದ್ದಳು ಎಂದು ಅಂಪೈರ್‌ಗೆ ಅನ್ನಿಸುತ್ತದೋ ಅಲ್ಲಿಗೆ ಮಾತ್ರ. ಚೆಂಡು ಆಗಲೇ ಇನ್‌ಫೀಲ್ಡ್‌ಗೆ ಬಂದಿತ್ತು, ಮೂರನೆಯದು ಸಿಗುವ ಮಾತೇ ಇರಲಿಲ್ಲ ಅಂದರೆ? ಅವಳು ಔಟೂ ಅಲ್ಲ, ಮೂರನೇ ಬೇಸೂ ಇಲ್ಲ. ವಾಪಸ್ ಎರಡಕ್ಕೆ.

ಹಳೆಯ ಬೋರ್ಡಿನಲ್ಲಿದ್ದ ಒಂದೇ ಹಳದಿ ಗುಂಡಿ ಇದನ್ನು ತೋರಿಸಲಾರದು. ಇಲ್ಲಿರುವುದು ಎರಡು ಪ್ರಶ್ನೆ ಅಲ್ವಾ! ಈಗ ಅಡ್ಡಿಯಾದ ಎರಡು ಬೇಸ್‌ಗಳ ನಡುವೆ ಹಳದಿ ಪಟ್ಟಿ, ಕೊಡಬೇಕಾದ ಬೇಸ್ ಮೇಲೆ ನೀಲಿ ಪಿನ್. ಮುಷ್ಟಿ ಎದ್ದ ಕ್ಷಣವೇ ಎರಡನ್ನೂ ಇಡಬೇಕು. ಟ್ಯಾಗ್ ಬಿದ್ದ ಮೇಲೆ ಯೋಚಿಸಿದರೆ ಬೆಂಚಿನ ಕೂಗಾಟವೇ ತೀರ್ಪು ಬರೆಯುತ್ತದೆ. ಪಟ್ಟಿಯ ಮೇಲೆ ಟ್ಯಾಗ್ ಆದರೆ ಡೆಡ್ ಬಾಲ್, ರನ್ನರ್ ಪಿನ್ ಇದ್ದಲ್ಲಿಗೆ. ಪಟ್ಟಿಯನ್ನೂ ಪಿನ್ನನ್ನೂ ದಾಟಿ ಹೋಗಿ ಸಿಕ್ಕಿಬಿದ್ದರೆ ಔಟ್, ಆಟ ಮುಂದುವರಿಯುತ್ತದೆ. ಬೇಸ್ ಮುಟ್ಟದೆ ಹೋಗಿದ್ದರೆ ಅಥವಾ ಕ್ಯಾಚಿಗೆ ಮೊದಲೇ ಬೇಸ್ ಬಿಟ್ಟಿದ್ದರೆ ಪಟ್ಟಿ ಕಾಪಾಡದು, ಎದುರಾಳಿ ಅಪೀಲ್ ಮಾಡಿದರೆ ಔಟ್.

ಸಾಮಾನು ಕಳಿಸಿದವರ ಮೇಲೆ ಮಾತ್ರ ಕೋಪ ಇಳಿದಿಲ್ಲ. ಮೊದಲ ಬೇಸಿನ ಡಬಲ್ ಬೇಸ್ (ಅಕ್ಕಪಕ್ಕ ಎರಡು ತುಂಡಿನ ಬೇಸ್) ಕೇಳಿದರೆ ಎರಡೂ ಬಿಳಿ ತುಂಡು ಬಂದವು. ಗೆರೆಯಾಚೆಯ ಫೌಲ್ ಕಡೆಯದು ಕಿತ್ತಳೆ ಇರದಿದ್ದರೆ ಅದು ಯಾತಕ್ಕೆ? ಮ್ಯಾಗ್ನೆಟ್‌ಗಳೂ ಹಾಗೇ. ಬೋರ್ಡ್ ನಿಲ್ಲಿಸಿದರೆ ಒಂಬತ್ತೂ ಫೀಲ್ಡರ್‌ಗಳು ಜಾರಿ ಹೋಮ್ ಪ್ಲೇಟ್ ಮೇಲೆ ಗುಡ್ಡೆ. ಅದಕ್ಕಿಂತ ದೊಡ್ಡ ಅಬ್‌ಸ್ಟ್ರಕ್ಷನ್ ನಾನು ಕಂಡಿಲ್ಲ!

ಮುಂದಿನದು ಲುಕ್‌ಬ್ಯಾಕ್ ರೂಲ್. ಪಿಚರ್ ಚೆಂಡು ಹಿಡಿದು ತನ್ನ ಪಿಚಿಂಗ್ ವೃತ್ತದೊಳಗೆ ಬಂದರೆ ಬಲ್ಬ್ ಹೊತ್ತಬೇಕು. ಬೇಸ್ ಬಿಟ್ಟು ನಿಂತ ರನ್ನರ್ ಆಗಲೂ ಸುಮ್ನೆ ನಿಂತೇ ಇದ್ದರೆ ಅಬ್‌ಸ್ಟ್ರಕ್ಷನ್‌ನಂತೆ ಅಂಪೈರ್ ಕಾಯುವುದಿಲ್ಲ, ತಕ್ಷಣ ಡೆಡ್ ಬಾಲ್, ಅವಳು ಔಟ್. ವೃತ್ತದ ತ್ರಿಜ್ಯ 8 ಅಡಿ, ಅಂದರೆ ಬೋರ್ಡಿನಲ್ಲಿ 8 ಸೆಂ.ಮೀ. ಅದರ ಕೆಳಗೆ ಕೂರುವಷ್ಟು ತೆಳು ಸ್ವಿಚ್ ಬಳಸಿದವರು ಇದ್ದರೆ ಹೇಳಿ.