ನ್ಯಾಶ್‌ವಿಲ್‌ನ ರೈಮನ್ ಸಭಾಂಗಣ ಮತ್ತು ಅದರ ಹಿರಿಯ ಹಾಡುಗಾರರು

ಅಟ್ಲಾಂಟಾದಿಂದ ನ್ಯಾಶ್‌ವಿಲ್‌ಗೆ ಸುಮಾರು 400 ಕಿಲೋಮೀಟರ್. ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಚಟ್ಟನೂಗಾ ಊರನ್ನು ದಾಟಿದ ಮೇಲೆ ಹೆದ್ದಾರಿಯು ಟೆನೆಸಿ ನದಿಯ ಅಂಚು ಹಿಡಿದು ಬಾಗಿ, ಸ್ವಲ್ಪ ದೂರ ಮತ್ತೆ ಜಾರ್ಜಿಯಾ ರಾಜ್ಯದೊಳಗೆ ಹೊಕ್ಕು, ಪುನಃ ಟೆನೆಸಿಗೆ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ಕಾಲವಲಯವೂ ಬೇರೆಯಾಗುವುದರಿಂದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಮಾಂಟೀಗಲ್ ಎಂಬ ಬೆಟ್ಟವನ್ನು ಏರಿ ಇಳಿದರೆ ಉಳಿದದ್ದೆಲ್ಲ ಹುಲ್ಲುಗಾವಲು, ಕುದುರೆಗಳು ಮತ್ತು ಚರ್ಚುಗಳ ಬಯಲು. ಅಟ್ಲಾಂಟಾದಲ್ಲಿ ನೆಲೆಸಿರುವ ತಮ್ಮನ ಮಗ, ಜೂನ್ ಕೊನೆಯಲ್ಲಿ ರೈಮನ್ ಸಭಾಂಗಣದಲ್ಲಿ ತಂತಿವಾದ್ಯಗಳ ಹಳ್ಳಿಹಾಡಾದ ಬ್ಲೂಗ್ರಾಸ್ ಸಂಗೀತದ ಗುರುವಾರಗಳು ಆರಂಭವಾಗುತ್ತವೆಂದು ತಿಳಿದು, "ದೊಡ್ಡಪ್ಪ, ವೇದಿಕೆಯ ಮೇಲೂ ನಿಮ್ಮ ವಾರಗೆಯವರೇ ಇರುತ್ತಾರೆ, ಕೆಳಗೂ ನಿಮ್ಮ ವಾರಗೆಯವರೇ ಇರುತ್ತಾರೆ, ಬನ್ನಿ" ಎಂದು ನಗುತ್ತಲೇ ಹೊರಡಿಸಿದ್ದನು. ಅವನ ಮಾತು ಅಕ್ಷರಶಃ ನಿಜವಾಯಿತು.

ನ್ಯಾಶ್‌ವಿಲ್‌ನ ಬ್ರಾಡ್‌ವೇ ಬೀದಿಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಬೆಳಗಿನಿಂದ ನಡುರಾತ್ರಿ ದಾಟುವವರೆಗೆ ಅಲ್ಲಿನ ಮದ್ಯದಂಗಡಿಗಳ ಪ್ರತಿ ಮಹಡಿಯಲ್ಲೂ ಒಂದೊಂದು ತಂಡ ಹಾಡುತ್ತಿರುತ್ತದೆ. ಪ್ರವೇಶಶುಲ್ಕವಿಲ್ಲದ ಕಡೆಗಳಲ್ಲಿ ಕೇಳುಗರು ಬಕೆಟ್ಟಿಗೆ ಹಾಕುವ ನೋಟುಗಳೇ ವಾದಕರ ಮುಖ್ಯ ಸಂಪಾದನೆ. ತೆರೆದ ಕಿಟಕಿಗಳಿಂದ ಹೊರಬೀಳುವ ನಾಲ್ಕೈದು ಹಾಡುಗಳು ರಸ್ತೆಯ ನಡುವೆ ಒಂದಕ್ಕೊಂದು ಢಿಕ್ಕಿ ಹೊಡೆಯುವುದರಿಂದ ಯಾವುದನ್ನೂ ಕೇಳಿದಂತಾಗುವುದಿಲ್ಲ. ಆ ಬೀದಿಯಿಂದ, ಹಿಂದೆ ಐದನೆಯ ಅವೆನ್ಯೂ ಎನಿಸಿಕೊಂಡಿದ್ದ ಅಡ್ಡರಸ್ತೆಗೆ ತಿರುಗಿದೊಡನೆ ಕೆಂಪು ಇಟ್ಟಿಗೆಯ, ಚೂಪು ತ್ರಿಕೋನದ ಮುಂಗೋಡೆಯ, ನೀಳ ಕಮಾನು ಕಿಟಕಿಗಳ ಕಟ್ಟಡವೊಂದು ಎದುರಾಗುತ್ತದೆ. ನೋಡಿದವರು ಅದನ್ನು ಚರ್ಚೆಂದೇ ಭಾವಿಸುತ್ತಾರೆ, ಮತ್ತು ಆ ಭಾವನೆ ತಪ್ಪಲ್ಲ.

ಕಂಬರ್ಲೆಂಡ್ ನದಿಯಲ್ಲಿ ಹಬೆದೋಣಿಗಳನ್ನು ನಡೆಸುತ್ತಿದ್ದ ಥಾಮಸ್ ರೈಮನ್ ಎಂಬ ವ್ಯಾಪಾರಿ 1885ರಲ್ಲಿ ಸ್ಯಾಮ್ ಜೋನ್ಸ್ ಎಂಬ ಕ್ರೈಸ್ತ ಉಪದೇಶಕನ ಡೇರೆಯ ಸಭೆಗೆ ಹೋದನು. ಹೋದದ್ದು ಗೇಲಿ ಮಾಡುವುದಕ್ಕೆ ಎಂದು ಅಲ್ಲಿಯವರು ಹೇಳುತ್ತಾರೆ. ಮರಳಿದ್ದು ಮಾತ್ರ ಮನಸ್ಸು ಪೂರ್ತಿ ಬದಲಾಗಿ. ಇಂಥ ಉಪದೇಶ ಡೇರೆಯಲ್ಲಿ ನಡೆಯಬಾರದು, ಊರಿನವರೆಲ್ಲರೂ ಕುಳಿತು ಕೇಳುವ ಒಂದು ಮಂದಿರ ಬೇಕು ಎಂದು ಅವನು ಹಣ ಕೂಡಿಸತೊಡಗಿದನು. ಯೂನಿಯನ್ ಗಾಸ್ಪೆಲ್ ಟ್ಯಾಬರ್ನಕಲ್ ಎಂಬ ಹೆಸರಿನಲ್ಲಿ 1892ರಲ್ಲಿ ಕಟ್ಟಡ ಸಿದ್ಧವಾಯಿತು. 1904ರಲ್ಲಿ ರೈಮನ್ ತೀರಿಕೊಂಡಾಗ ಅಂತ್ಯಸಂಸ್ಕಾರದ ಸಭೆಯಲ್ಲಿ ಅದೇ ಸ್ಯಾಮ್ ಜೋನ್ಸ್, ಕಟ್ಟಡಕ್ಕೆ ಕಟ್ಟಿಸಿದವನ ಹೆಸರನ್ನೇ ಇಡಬೇಕೆಂದು ಸೂಚಿಸಿದನು. ನಮ್ಮಲ್ಲಿ ಇದಕ್ಕೆ ತದ್ವಿರುದ್ಧವಾದ ನಡೆಯೂ ಉಂಟು: 1939ರಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಳಿಯು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಸುವ ರಾಮನವಮಿ ಕಚೇರಿಗಳಿಗೆ ವರ್ಷ ವರ್ಷವೂ ಹೊಸದಾಗಿ ಚಪ್ಪರ ಹಾಕುತ್ತಾರೆ, ಉತ್ಸವ ಮುಗಿದೊಡನೆ ಬಿಚ್ಚುತ್ತಾರೆ, ದೊಡ್ಡ ದೊಡ್ಡ ವಿದ್ವಾಂಸರು ಅಲ್ಲಿ ಬಸ್ಸಿನ ಹಾರನ್ನಿನ ನಡುವೆಯೇ ಆಲಾಪನೆ ಮಾಡಿದ್ದಾರೆ. ರೈಮನ್‌ಗೆ ಆ ಗದ್ದಲ ಒಪ್ಪಿಗೆಯಾಗಲಿಲ್ಲ.

ಮೈಕು ಇಲ್ಲದ ಕಾಲದಲ್ಲಿ ಒಬ್ಬ ಉಪದೇಶಕನ ಧ್ವನಿ ಸಾವಿರಾರು ಜನರನ್ನು ಮುಟ್ಟಬೇಕೆಂಬ ಒಂದೇ ಉದ್ದೇಶ ಈ ಸಭಾಂಗಣದ ಒಳಭಾಗವನ್ನು ರೂಪಿಸಿದೆ. ವೇದಿಕೆಯನ್ನು ಅರೆವೃತ್ತವಾಗಿ ಬಳಸಿಕೊಂಡ ಓಕ್ ಮರದ ಉದ್ದನೆಯ ಬೆಂಚುಗಳು, ಅವುಗಳ ಮೇಲೆ ಅದೇ ಬಾಗಿನಲ್ಲಿ ಚಾಚಿದ ಮರದ ಉಪ್ಪರಿಗೆ, ಎತ್ತರದ ಬಣ್ಣಗಾಜಿನ ಕಿಟಕಿಗಳು, ಇಷ್ಟೇ ಅಲ್ಲಿರುವುದು. ಉಪ್ಪರಿಗೆಯನ್ನು ಸೇರಿಸಿದ್ದು 1897ರಲ್ಲಿ, ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಪರವಾಗಿ ಹೋರಾಡಿದ ನಿವೃತ್ತ ಸೈನಿಕರ ಸಮ್ಮೇಳನಕ್ಕಾಗಿ. ಜನಾಂಗಭೇದದ ಆ ನಗರದಲ್ಲಿ ಅಂಥ ಸಮ್ಮೇಳನಕ್ಕೆ ಕಟ್ಟಿದ ಉಪ್ಪರಿಗೆಯ ಎದುರಿಗೇ ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ಗಾಯಕರ ಜುಬಿಲಿ ವೃಂದವೂ, ಮುಂದೆ 1932ರಲ್ಲಿ ಕಪ್ಪು ಗಾಯಕಿ ಮೇರಿಯನ್ ಆಂಡರ್ಸನ್ ಅವರೂ ಹಾಡಿದರು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಈ ಕಟ್ಟಡದ ಚರಿತ್ರೆ ಅರ್ಥವಾಗುತ್ತದೆ. 1901ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ತಂಡ ಬಂದಾಗ ದೊಡ್ಡ ವೇದಿಕೆ ಬಂತು. ಆಮೇಲಿನ ಅರ್ಧ ಶತಮಾನ ಸಭಾಂಗಣವನ್ನು ನಡೆಸಿದ್ದು ಲೂಲಾ ನ್ಯಾಫ್ ಎಂಬ ಮಹಿಳೆ. ಸ್ಟೆನೋಗ್ರಾಫರ್ ಆಗಿದ್ದ ಆಕೆ 1955ರಲ್ಲಿ ನಿವೃತ್ತರಾಗುವವರೆಗೆ ಕರೂಸೊ ಅವರ ಗಾಯನವನ್ನೂ ಹೂಡಿನಿಯ ಇಂದ್ರಜಾಲವನ್ನೂ ಹೆಲೆನ್ ಕೆಲ್ಲರ್ ಅವರ ಭಾಷಣವನ್ನೂ ಇದೇ ಬೆಂಚುಗಳ ಮುಂದೆ ತಂದು ನಿಲ್ಲಿಸಿದರು. ಬೆಂಚುಗಳು ಚರ್ಚಿನವೇ ಆಗಿ ಉಳಿದವು.

1943ರಲ್ಲಿ ಗ್ರ್ಯಾಂಡ್ ಓಲ್ ಆಪ್ರಿ ಎಂಬ ರೇಡಿಯೊ ಕಾರ್ಯಕ್ರಮ ಇಲ್ಲಿಗೆ ಬಂದು 31 ವರ್ಷ ಇಲ್ಲಿಂದಲೇ ಶನಿವಾರ ರಾತ್ರಿಗಳಲ್ಲಿ ಪ್ರಸಾರವಾಯಿತು. ಅಮೆರಿಕದ ಹಳ್ಳಿಗಾಡಿನ ಹಾಡಿಗೆ ಒಂದು ರಾಜಧಾನಿ ದೊರೆತದ್ದು ಆಗ. 1945ರ ಡಿಸೆಂಬರಿನಲ್ಲಿ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೊ ಅವರ ತಂಡಕ್ಕೆ ಅರ್ಲ್ ಸ್ಕ್ರಗ್ಸ್ ಎಂಬ ಯುವಕ ಸೇರಿ ಮೂರು ಬೆರಳುಗಳಿಂದ ಬ್ಯಾಂಜೊ ಮೀಟಿದಾಗ ಬ್ಲೂಗ್ರಾಸ್ ಎಂಬ ಪ್ರಕಾರವೇ ರೂಪುಗೊಂಡಿತೆಂದು ಸಭಾಂಗಣದ ಹೊರಗಿನ ಫಲಕ ಹೇಳುತ್ತದೆ. 1949ರ ಜೂನ್ 11ರಂದು ಹ್ಯಾಂಕ್ ವಿಲಿಯಮ್ಸ್ ಮೊದಲ ಸಲ ಆಪ್ರಿಯಲ್ಲಿ ಹಾಡಿದಾಗ ಜನ ಅವರನ್ನು ಮತ್ತೆ ಮತ್ತೆ ವೇದಿಕೆಗೆ ಕರೆದರು. ನನ್ನ ಮನಸ್ಸು ಹೆಚ್ಚು ನಿಂತದ್ದು ಮಾತ್ರ 1970ರ ಒಂದು ಘಟನೆಯ ಮೇಲೆ. ಹಳ್ಳಿಹಾಡಿನ ಗಾಯಕ ಜಾನಿ ಕ್ಯಾಶ್ ಇಲ್ಲಿಂದ ನಡೆಸುತ್ತಿದ್ದ ದೂರದರ್ಶನ ಕಾರ್ಯಕ್ರಮಕ್ಕೆ ಜಾಜ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಬಂದು, 1930ರಲ್ಲಿ ಹಳ್ಳಿಹಾಡಿನ ಜಿಮ್ಮಿ ರಾಜರ್ಸ್ ಅವರ ಧ್ವನಿಮುದ್ರಿಕೆಗೆ ತಾವು ಟ್ರಂಪೆಟ್ ನುಡಿಸಿದ್ದ ಹಾಡನ್ನೇ 40 ವರ್ಷಗಳ ನಂತರ ಕ್ಯಾಶ್ ಜತೆ ಮತ್ತೆ ನುಡಿಸಿದರು. ಮರುವರ್ಷ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್ ತೀರಿಕೊಂಡರು. ಜಾಜ್ ಮತ್ತು ಹಳ್ಳಿಹಾಡು ಬೇರೆ ಬೇರೆ ಜಾತಿಯವೆಂದು ನಂಬಿದವರಿಗೆ ಆ ಕೆಲವು ನಿಮಿಷಗಳೇ ಸಾಕಾದ ಉತ್ತರ.

ಆದರೆ ಇಲ್ಲಿ ಹಾಡಿದವರಿಗೆಲ್ಲ ಈ ಸಭಾಂಗಣ ಪ್ರಿಯವಾಗಿರಲಿಲ್ಲ. ಹವಾನಿಯಂತ್ರಣವಿರಲಿಲ್ಲ, ಬೇಸಗೆಯಲ್ಲಿ ಕಿಟಕಿಗಳನ್ನು ತೆರೆದಿಟ್ಟು ಜನ ಬೀಸಣಿಗೆ ಆಡಿಸುತ್ತ ಬೆವರುತ್ತಿದ್ದರು. ವೇದಿಕೆಯ ಹಿಂದೆ ಸರಿಯಾದ ಜಾಗವಿಲ್ಲದೆ ಹೆಂಗಸರು ಶೌಚಾಲಯದಲ್ಲಿ ಉಡುಪು ಬದಲಿಸಿಕೊಳ್ಳುತ್ತಿದ್ದರು, ಗಂಡಸರು ಹಿಂದಿನ ಗಲ್ಲಿ ದಾಟಿ ಟೂಟ್ಸೀಸ್ ಎಂಬ ಮದ್ಯದಂಗಡಿಯಲ್ಲಿ ತಮ್ಮ ಸರದಿಗಾಗಿ ಕಾಯುತ್ತಿದ್ದರು. 1938ರಲ್ಲಿ ಆಪ್ರಿ ಸೇರಿ ಅದರ ಹಿರಿಯಣ್ಣನಂತಾಗಿದ್ದ ಗಾಯಕ ರಾಯ್ ಎಕಫ್, ತಮ್ಮ ಬಹುಪಾಲು ನೆನಪುಗಳು ಕಷ್ಟದವೇ ಎಂದು ಹೇಳಿ ಈ ಕಟ್ಟಡ ಉರುಳಿದರೂ ಚಿಂತೆಯಿಲ್ಲ ಎಂಬ ನಿಲುವು ತಾಳಿದ್ದರು. 1974ರ ಮಾರ್ಚ್ 15ರಂದು ಇಲ್ಲಿ ಆಪ್ರಿಯ ಕಡೆಯ ಪ್ರದರ್ಶನ ನಡೆದು, ಮರುದಿನವೇ ಊರಿನಾಚೆಯ ಹೊಸ ಆಪ್ರಿ ಹೌಸ್ ತೆರೆಯಿತು. ಹಳೆಯ ವೇದಿಕೆಯಿಂದ ಸುಮಾರು ಆರಡಿ ಅಗಲದ ಓಕ್ ಹಲಗೆಯ ಒಂದು ವೃತ್ತವನ್ನು ಕೊಯ್ದು ಹೊಸ ವೇದಿಕೆಯ ನಡುವೆ ಕೂರಿಸಿದರು. 2010ರ ಪ್ರವಾಹದಲ್ಲಿ ಮುಳುಗಿದರೂ ಆ ವೃತ್ತ ಉಳಿದುಕೊಂಡಿತು. ರೈಮನ್ ಕಟ್ಟಡವನ್ನು ಕೆಡವಿ ಅದರ ಇಟ್ಟಿಗೆಯಿಂದ ಹೊಸ ಮನರಂಜನಾ ಉದ್ಯಾನದಲ್ಲಿ ಒಂದು ಪುಟ್ಟ ಚರ್ಚು ಕಟ್ಟುವ ಯೋಜನೆಯಿತ್ತು. ನ್ಯೂಯಾರ್ಕ್ ಟೈಮ್ಸ್‌ನ ವಾಸ್ತುಶಿಲ್ಪ ವಿಮರ್ಶಕಿ ಏಡಾ ಲೂಯಿಸ್ ಹಕ್ಸ್‌ಟಬಲ್ ಮೊದಲಾದವರು ಅದನ್ನು ಕಟುವಾಗಿ ಟೀಕಿಸಿದ ಮೇಲೆ ಯೋಜನೆ ಕೈಬಿಟ್ಟುಹೋಯಿತು. ಕಟ್ಟಡ ಉಳಿಯಿತಾದರೂ ಪ್ರವಾಸಿಗರು ಬಂದು ಇಣುಕಿ ಹೋಗುವ ಪಾಳುಮನೆಯಾಗಿ ಸುಮಾರು ಎರಡು ದಶಕ ಕಳೆಯಿತು.

ಮತ್ತೆ ಅದಕ್ಕೆ ಜೀವ ಬಂದದ್ದು ಅಧಿಕಾರಿಗಳ ಆದೇಶದಿಂದಲ್ಲ, ಒಬ್ಬ ಗಾಯಕಿಯ ಹಟದಿಂದ. 1991ರ ಏಪ್ರಿಲ್ ಕೊನೆ ಮತ್ತು ಮೇ ಮೊದಲಲ್ಲಿ ಎಮಿಲೂ ಹ್ಯಾರಿಸ್ ತಮ್ಮ ತಂತಿವಾದ್ಯಗಳ ತಂಡದೊಂದಿಗೆ ಇಲ್ಲಿ ಹಾಡಿ ಧ್ವನಿಮುದ್ರಿಸಿಕೊಂಡರು. ಉಪ್ಪರಿಗೆ ಕುಸಿಯುವ ಭಯವಿದ್ದುದರಿಂದ ಅದರ ಮೇಲಾಗಲಿ ಕೆಳಗಾಗಲಿ ಯಾರನ್ನೂ ಕೂರಿಸದೆ, ಸುಮಾರು ಇನ್ನೂರು ಮಂದಿಗೆ ಮಾತ್ರ ಪ್ರವೇಶ ಕೊಟ್ಟಿದ್ದರು. ಎಂಬತ್ತರ ಹೊಸ್ತಿಲಲ್ಲಿದ್ದ ಬಿಲ್ ಮನ್ರೊ ಅಲ್ಲಿ ವೇದಿಕೆಯ ಮೇಲೆ ಹೆಜ್ಜೆ ಹಾಕಿ ಕುಣಿದರು. ಆ ಧ್ವನಿಮುದ್ರಿಕೆ ಮರುವರ್ಷ ಹೊರಬಂದು ಗ್ರ್ಯಾಮಿ ಪ್ರಶಸ್ತಿ ಪಡೆದಾಗ, ಈ ಮರ ಇನ್ನೂ ನುಡಿಯುತ್ತದೆ ಎಂಬುದು ಕಟ್ಟಡದ ಒಡೆಯರಿಗೂ ಕೇಳಿಸಿತು. ಸುಮಾರು 85 ಲಕ್ಷ ಡಾಲರ್ ಖರ್ಚಿನ ದುರಸ್ತಿಯ ನಂತರ 1994ರ ಜೂನಿನಲ್ಲಿ ಸಭಾಂಗಣ ಪುನಃ ತೆರೆಯಿತು. ಹವಾನಿಯಂತ್ರಣ ಬಂದದ್ದೂ ಆಗಲೇ. ಪಾರಂಪರಿಕ ಕಟ್ಟಡಗಳನ್ನು ಉಳಿಸಬೇಕೆಂದು ನಾವು ಮನವಿ ಬರೆಯುತ್ತೇವೆ, ಫಲಕ ನೆಡುತ್ತೇವೆ. ನನಗೆ ತೋರುವಂತೆ ಹಾಡುವ ಜಾಗವನ್ನು ಉಳಿಸುವುದಕ್ಕೆ ಅಲ್ಲಿ ಹಾಡುವುದನ್ನು ಬಿಟ್ಟು ಬೇರೆ ಬಲವಾದ ದಾರಿಯಿಲ್ಲ. ಅದನ್ನೂ ಬೇರೆಲ್ಲಿಯಾದರೂ ಹಾಡಬಲ್ಲಷ್ಟು ಹೆಸರು ಮಾಡಿದವರು ಬಂದು ಹಾಡಬೇಕು.

ಒಳಗೆ ಕಾಲಿಟ್ಟರೆ ಪಡಸಾಲೆಯಲ್ಲಿ ಒಂದು ಬೆಂಚಿನ ಮೇಲೆ ರಾಯ್ ಎಕಫ್ ಮತ್ತು ಹಾಸ್ಯಗಾರ್ತಿ ಮಿನ್ನಿ ಪರ್ಲ್ ಅವರ ಕಂಚಿನ ಪ್ರತಿಮೆಗಳು ಕುಳಿತಿವೆ. ಈ ಕಟ್ಟಡ ಸಾಕೆಂದಿದ್ದ ಎಕಫ್ ಅವರನ್ನೇ ಇಲ್ಲಿ ಶಾಶ್ವತವಾಗಿ ಕೂರಿಸಿದ್ದು ಯಾರ ಚೇಷ್ಟೆಯೋ! ಪ್ರವಾಸಿಗರು ಅವರ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಕಟ್ಟಡದ ಹೊರಗೆ ಬಿಲ್ ಮನ್ರೊ, ಲೊರೆಟ್ಟಾ ಲಿನ್, ಚಾರ್ಲಿ ಪ್ರೈಡ್ ಮೊದಲಾದವರ ಪ್ರತಿಮೆಗಳಿವೆ. ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಕಚೇರಿಗಳ ಪೋಸ್ಟರುಗಳು. 1879ರಲ್ಲಿ ಆರಂಭವಾದ ಹ್ಯಾಚ್ ಶೋ ಪ್ರಿಂಟ್ ಎಂಬ ಅಚ್ಚುಕೂಟ ಇದೇ ಊರಿನಲ್ಲಿದ್ದು, ಇಂದಿಗೂ ಮರದ ಅಚ್ಚುಮೊಳೆಗಳನ್ನು ಜೋಡಿಸಿ, ಮಸಿ ಸವರಿ, ಇಲ್ಲಿನ ಕಚೇರಿಗಳಿಗೆ ಪೋಸ್ಟರು ಒತ್ತುತ್ತದೆ. ಒಂದೊಂದು ಬಣ್ಣಕ್ಕೂ ಕಾಗದ ಮತ್ತೆ ಯಂತ್ರದೊಳಗೆ ಹೋಗಿ ಬರಬೇಕು. ಅಂಚು ಸವೆದ ಅಕ್ಷರಗಳಲ್ಲಿ ಮುಂದಿನ ತಿಂಗಳ ದಿನಾಂಕವನ್ನು ಓದುವುದೇ ಒಂದು ಸೊಗಸು.

ಮುಂಬರುವ ಕಚೇರಿಗಳ ಪಟ್ಟಿಯನ್ನು ನೋಡುತ್ತ ಹೋದರೆ ರಾಕ್ ತಂಡಗಳು, ಹಾಸ್ಯ ಕಲಾವಿದರು, ನಿನ್ನೆ ಮೊನ್ನೆ ಹೆಸರು ಮಾಡಿದ ಹುಡುಗರು ಎಲ್ಲರೂ ಇರುತ್ತಾರೆ. ಅವರ ನಡುವೆ ವರ್ಷದ ಲಯವನ್ನು ನಿಗದಿ ಮಾಡುವವರು ಮಾತ್ರ ಹಿರಿಯರೇ. ಹದಿಮೂರನೆಯ ವಯಸ್ಸಿಗೇ ಲೆಸ್ಟರ್ ಫ್ಲ್ಯಾಟ್ ಅವರ ತಂಡ ಸೇರಿದ್ದ ಮಾರ್ಟಿ ಸ್ಟುವರ್ಟ್ ಜೂನ್ ತಿಂಗಳಲ್ಲಿ, ಊರಿನ ದೊಡ್ಡ ಸಂಗೀತೋತ್ಸವಕ್ಕೆ ಮುನ್ನ, ತಡರಾತ್ರಿಯವರೆಗೆ ಗೆಳೆಯರ ಕೂಟ ನಡೆಸುತ್ತ ಬಂದಿದ್ದಾರೆ. ಜೂನ್ ಕೊನೆಯಿಂದ ಜುಲೈವರೆಗೆ ಗುರುವಾರಗಳು ಬ್ಲೂಗ್ರಾಸ್‌ಗೆ ಮೀಸಲು. 1954ರಲ್ಲಿ ಹುಟ್ಟಿದ ರಿಕಿ ಸ್ಕ್ಯಾಗ್ಸ್, 1939ರಲ್ಲಿ ಹುಟ್ಟಿ 1963ರಲ್ಲಿ ಬಿಲ್ ಮನ್ರೊ ಅವರ ತಂಡದಲ್ಲಿ ಹಾಡಿದ ಡೆಲ್ ಮಕೌರಿ ಇವರೆಲ್ಲ ಆ ಗುರುವಾರಗಳಿಗೆ ಹೊಸಬರಲ್ಲ. ಚಳಿಗಾಲದಲ್ಲಿ ಆಪ್ರಿಯೇ ಹಳೆಯ ಮನೆಗೆ ಬರುವುದುಂಟು. ಡಿಸೆಂಬರಿನಲ್ಲಿ ವಿನ್ಸ್ ಗಿಲ್ ಮತ್ತು ಅವರ ಮಡದಿ ಏಮಿ ಗ್ರ್ಯಾಂಟ್ ಅವರ ಕ್ರಿಸ್‌ಮಸ್ ಕಚೇರಿಗಳು ಸಾಲಾಗಿ ನಡೆಯುತ್ತ ಬಂದಿದ್ದು, ಅವುಗಳಿಗೆ ತಿಂಗಳುಗಳ ಮುಂಚೆಯೇ ಟಿಕೆಟು ಕೊಳ್ಳುವ ಕುಟುಂಬಗಳಿವೆ.

ಸಂಜೆ ಏಳೂವರೆಯ ಹೊತ್ತಿಗೆ 2,362 ಆಸನಗಳ ಸಭಾಂಗಣ ಹೆಚ್ಚುಕಡಿಮೆ ತುಂಬಿತ್ತು. ಬೆಂಚುಗಳಲ್ಲಿ ಸಂಖ್ಯೆಗಳಿದ್ದರೂ ನಡುವೆ ತೋಳಿಲ್ಲದ್ದರಿಂದ ಪಕ್ಕದವರು ಸರಿದರೆ ನಾವೂ ಸರಿಯಬೇಕು. ನನ್ನ ಪಕ್ಕದಲ್ಲಿ ಕುಳಿತ, ಕೆಂಟಕಿಯಿಂದ ಬಂದ ಅಜ್ಜಿಯೊಬ್ಬರು ತಮ್ಮ ತಂದೆಯ ಜತೆ ಇದೇ ಬೆಂಚುಗಳಲ್ಲಿ ಆಪ್ರಿ ಕೇಳಿದ್ದರಂತೆ. ವೇದಿಕೆಗೆ ಬಂದ ತಂಡದಲ್ಲಿ ಮ್ಯಾಂಡೊಲಿನ್, ಬ್ಯಾಂಜೊ, ಪಿಟೀಲು, ಗಿಟಾರ್ ಮತ್ತು ಆಳೆತ್ತರದ ಬಾಸ್ ಇದ್ದವು. ತಾಳವಾದ್ಯ ಒಂದೂ ಇರಲಿಲ್ಲ, ಮ್ಯಾಂಡೊಲಿನ್ ವಾದಕನೇ ತಂತಿಗಳನ್ನು ಒತ್ತಿ ಹಿಡಿದು ಎಡೆಪೆಟ್ಟು ಹಾಕುತ್ತಿದ್ದನು. ಎಲ್ಲರಿಗೂ ಸೇರಿ ನಡುವೆ ಒಂದೇ ಮೈಕು. ತನ್ನ ಸರದಿ ಬಂದಾಗ ವಾದಕ ಮೈಕಿನ ಹತ್ತಿರಕ್ಕೆ ಬಾಗಿ ಬಂದು ನುಡಿಸಿ, ಮುಗಿದೊಡನೆ ಪಕ್ಕಕ್ಕೆ ಜಾರಿ, ಹಾಡುವ ಮೂವರಿಗೆ ಜಾಗ ಬಿಡುತ್ತಾನೆ. ಬಾಸಿನ ಉದ್ದನೆಯ ಕುತ್ತಿಗೆಗೂ ಪಿಟೀಲಿನ ಕಮಾನಿಗೂ ಒಮ್ಮೆಯೂ ಡಿಕ್ಕಿಯಾಗುವುದಿಲ್ಲ. ಧ್ವನಿಯ ಪ್ರಮಾಣವನ್ನು ಯಂತ್ರಕ್ಕೆ ಬಿಡದೆ ತಮ್ಮ ಹೆಜ್ಜೆಯಿಂದಲೇ ನಿಯಂತ್ರಿಸುವ ಈ ಕ್ರಮ ರೇಡಿಯೊ ಕಾಲದ್ದು.

ತಂಡದ ಹಿರಿಯರಿಗೆ ಎಂಬತ್ತರ ಆಸುಪಾಸು ಇರಬಹುದು. ಮೇಲುಸ್ಥಾಯಿಯ ಮೊದಲ ಸ್ವರ ಸ್ವಲ್ಪ ನಡುಗಿತು, ಎರಡನೆಯ ಹಾಡಿನ ಹೊತ್ತಿಗೆ ಗಟ್ಟಿಯಾಯಿತು, ಮೂರನೆಯದರಲ್ಲಿ ಅವರು ಮೈಕನ್ನು ಬಿಟ್ಟು ವೇದಿಕೆಯ ಅಂಚಿಗೆ ಬಂದು ಬರಿಯ ಗಂಟಲಿನಲ್ಲಿ ಒಂದು ಭಕ್ತಿಗೀತೆ ಹಾಡಿದರು. 2012ರಲ್ಲಿ ವೇದಿಕೆಯ ಹಲಗೆಗಳನ್ನು ಬದಲಿಸಿದಾಗ ಮುಂಭಾಗದಲ್ಲಿ ಒಂದೂವರೆ ಅಡಿಯಷ್ಟು ಹಳೆಯ ಓಕ್ ಹಲಗೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಅವರು ನಿಂತದ್ದು ಅದರ ಮೇಲೆ. ಉಪ್ಪರಿಗೆಯಲ್ಲಿ ಕುಳಿತಿದ್ದ ನಮಗೆ ಒಂದೊಂದು ಪದವೂ ಸ್ಪಷ್ಟವಾಗಿ ಕೇಳಿಸಿತು. ವಯಸ್ಸಾದ ಗಾಯಕರ ಬಗ್ಗೆ ನಾವು ಸಾಮಾನ್ಯವಾಗಿ ರಿಯಾಯಿತಿ ತೋರಿಸಿ ಮಾತನಾಡುತ್ತೇವೆ. ಅಲ್ಲಿ ಅದರ ಅಗತ್ಯವೇ ಬೀಳಲಿಲ್ಲ, ಏಕೆಂದರೆ ಅವರು ತಮ್ಮ ಯೌವನದ ವೇಗವನ್ನು ಅನುಕರಿಸಲು ಹೋಗದೆ, ವೇಗದ ಭಾಗಗಳನ್ನು ಹುಡುಗರಿಗೆ ಒಪ್ಪಿಸಿ, ಎಲ್ಲಿ ಉಸಿರು ನಿಲ್ಲಿಸಬೇಕೆಂಬುದನ್ನು ಮಾತ್ರ ತಮ್ಮಲ್ಲಿ ಇಟ್ಟುಕೊಂಡಿದ್ದರು.

ಹೋಗುವವರಿಗೆ ಎರಡು ಮಾತು. ಹಗಲಿನಲ್ಲಿ ಕಟ್ಟಡ ನೋಡುವ ಟಿಕೆಟು ಬೇರೆ, ರಾತ್ರಿಯ ಕಚೇರಿಯ ಟಿಕೆಟು ಬೇರೆ. ಒಂದಕ್ಕೇ ಸಮಯವಿದ್ದರೆ ಕಚೇರಿಯನ್ನೇ ಆರಿಸಿಕೊಳ್ಳುವುದು ಮೇಲು. ಉಪ್ಪರಿಗೆಯ ಕೆಳಗಿನ ಕೆಲವು ಬೆಂಚುಗಳಿಗೆ ಕಂಬಗಳು ಅಡ್ಡಬರುತ್ತವೆ, ಆದ್ದರಿಂದ ಹಣ ಉಳಿಸಬೇಕಾದರೆ ಉಪ್ಪರಿಗೆಯ ಮುಂದಿನ ಸಾಲುಗಳೇ ಲೇಸು. ಮರದ ಬೆಂಚಿನ ಮೇಲೆ ಎರಡು ಗಂಟೆ ಕೂರುವುದು ಬೆನ್ನುನೋವಿನವರಿಗೆ ಸುಲಭವಲ್ಲ. ಹಾಗೆಂದು ಮನೆಗೆ ಬಂದ ಮೇಲೆ ತಮ್ಮನ ಮಗನಿಗೆ ಹೇಳಿದೆ. ಅವನು ಆಗಲೇ ಡಿಸೆಂಬರಿನ ಪಟ್ಟಿ ತೆರೆದು ನನ್ನ ಹಿಂತಿರುಗುವ ವಿಮಾನದ ದಿನಾಂಕ ಕೇಳುತ್ತಿದ್ದನು.