ರಿಚ್‌ಲ್ಯಾಂಡ್ ಕೌಂಟಿಯ ಬಟ್ಟೆ ಗೂಡು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆ ಅಂದರೆ ಒಂಬತ್ತು ದಿನದ ಜಾತ್ರೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರುವಾಗುತ್ತದೆ. ತೀರ್ಥಹಳ್ಳಿ ಕಡೆಯ ನನ್ನ ಕಾಲೇಜು ಗೆಳೆಯ ಅಲ್ಲಿನ ಹುಡುಗಿಯನ್ನು ಮದುವೆಯಾಗಿ ಮ್ಯಾಡಿಸನ್‌ನಲ್ಲಿದ್ದಾನೆ. ಅವನ ಮಾವನಿಗೆ ರಿಚ್‌ಲ್ಯಾಂಡ್ ಕೌಂಟಿಯಲ್ಲಿ ಜಮೀನು. ‘ಬಾರೋ, ಬಂದೂಕು ಮುಟ್ಟೋದೇನೂ ಬೇಡ, ಸುಮ್ನೆ ಕೂತು ನೋಡು’ ಅಂದ. ಅದಕ್ಕೆ ಮುಂಚೆ ಶಿಕಾಗೋದಲ್ಲಿ ಕಳೆದ ದಿನಗಳ ಬಗ್ಗೆ ಬರೆಯುವಂಥದ್ದು ಏನಿಲ್ಲ. ಊರು ದೊಡ್ಡದು, ಕಾಫಿ ನೀರು.

ರಿಚ್‌ಲ್ಯಾಂಡ್ ಕಡೆಯ ನೆಲ ಮಾತ್ರ ಬೇರೆ. ಹಿಮಯುಗದ ಹಿಮನದಿಗಳು ಈ ಮೂಲೆಯನ್ನು ಮುಟ್ಟಲಿಲ್ಲವಂತೆ. ಹಾಗಾಗಿ ಗುಡ್ಡ, ಕಣಿವೆ ಹಾಗೇ ಉಳಿದಿವೆ. ಮೇಲೆ ಓಕ್ ಮರಗಳು, ಕೆಳಗೆ ಕೊಯ್ದು ಬಿಟ್ಟ ಮೆಕ್ಕೆಜೋಳದ ಹೊಲ. ಜಿಂಕೆಗೆ ಇನ್ನೇನು ಬೇಕು?

ಬೇಟೆ ಅಂದರೆ ನನ್ನ ತಲೆಯಲ್ಲಿದ್ದದ್ದು ಮರದ ಮೇಲಿನ ಅಟ್ಟಣೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದೆಲ್ಲ ಹಿರಿಯರ ಬಾಯಲ್ಲಷ್ಟೇ ಉಳಿದಿದೆ. ಇಲ್ಲಿ ಗೆಳೆಯ ಕಾರಿನಿಂದ ತೆಗೆದದ್ದು ಒಂದು ಉದ್ದನೆಯ ಚೀಲ. ಒಳಗಿದ್ದದ್ದು ಬ್ಲೈಂಡ್, ಅಂದರೆ ನೆಲದ ಮೇಲೆ ನಿಲ್ಲಿಸುವ ಬಟ್ಟೆಯ ಮರೆ. ಪ್ರತಿ ಗೋಡೆಯ ನಡುವೆ ಒಂದು ಹಿಡಿ ಇರುತ್ತದೆ. ಹಿಡಿದು ಎಳೆದರೆ ಛತ್ರಿ ಬಿಚ್ಚಿಕೊಂಡ ಹಾಗೆ ಗೋಡೆ ಟಪ್ ಅಂತ ಹೊರಕ್ಕೆ ಉಬ್ಬುತ್ತದೆ. ನಾಲ್ಕು ಗೋಡೆ, ಒಂದು ಸೂರು, ಐದು ನಿಮಿಷದ ಕೆಲಸ.

ನಿಲ್ಲಿಸುವುದು ಸುಲಭವೇ. ಗೆಳೆಯ ಅದನ್ನು ಹಿಂದಿನ ದಿನವಷ್ಟೇ ಕೊಂಡಿದ್ದ. ‘ಇವತ್ತು ನಿಲ್ಲಿಸಿ, ನಾಳೆ ಕೂತ್ಕೊಳ್ಳಿ’ ಅಂತ ಅಂಗಡಿಯವನು ಭರವಸೆ ಕೊಟ್ಟನಂತೆ. ಜೊತೆಗಿದ್ದ ಗೂಟಗಳು ಹೆಪ್ಪುಗಟ್ಟಿದ ನೆಲಕ್ಕೆ ಹೊಡೆದ ಕೂಡಲೇ ಬಾಗಿದವು. ಗಾಳಿಗೆ ಬಟ್ಟೆ ಬೆಳಗಿನವರೆಗೂ ಪಟಪಟ ಬಡಿಯಿತು. ಒಳಗೆಲ್ಲ ಹೊಸ ಪ್ಲಾಸ್ಟಿಕ್ ವಾಸನೆ. ಬೆಳಕಾದ ಮೇಲೆ ಒಂದು ಹೆಣ್ಣು ಜಿಂಕೆ ಬಂತು. ಅರವತ್ತು ಹೆಜ್ಜೆ ದೂರದಲ್ಲಿ ನಿಂತು ನಮ್ಮನ್ನೇ ದಿಟ್ಟಿಸಿತು. ಮುಂಗಾಲಿನಿಂದ ನೆಲಕ್ಕೆ ಎರಡು ಸಲ ಕುಟ್ಟಿ, ಮೂಗಿನಿಂದ ಜೋರಾಗಿ ಬುಸ್ ಅಂದು, ಬಾಲ ಎತ್ತಿ ಬಿಳಿ ತೋರಿಸಿ ಓಡಿತು. ಆ ಬುಸ್ ಕೇಳಿದ ಮೇಲೆ ಇಡೀ ಗುಡ್ಡದಲ್ಲಿ ಒಂದೂ ತಲೆ ಹಾಕಲಿಲ್ಲ. ಬ್ಲೈಂಡ್ ಕೊಳ್ಳುವವರು ಆಗಸ್ಟಿನಲ್ಲೇ ಕೊಳ್ಳಿ, ವಾರಗಟ್ಟಲೆ ಬಿಸಿಲು ಗಾಳಿಗೆ ಒಡ್ಡಿಡಿ, ದಪ್ಪ ಗೂಟ ಬೇರೆ ತನ್ನಿ. ಅಂಗಡಿಯವನ ಮಾತಿಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮರುದಿನ ಗೆಳೆಯನ ಮಾವ ನನ್ನನ್ನು ತಮ್ಮ ಬ್ಲೈಂಡಿಗೆ ಕರೆದುಕೊಂಡರು. ಗೆಳೆಯ ಅವರನ್ನು ಹೆಸರು ಹಿಡಿದೇ ಕರೆಯುತ್ತಾನೆ. ನನ್ನ ಕೈಲಾಗಲಿಲ್ಲ, ‘ಸರ್’ ಅಂದೇ ಇದ್ದೆ. ಹೊರಡುವಾಗ ನನ್ನ ನೀಲಿ ಜಾಕೆಟ್ ನೋಡಿ ತಲೆಯಾಡಿಸಿದರು. ಜಿಂಕೆಗೆ ನೀಲಿ ಚೆನ್ನಾಗಿ ಕಾಣುತ್ತದಂತೆ. ಕಪ್ಪು ಸ್ವೆಟರ್ ಕೊಟ್ಟು, ಮೇಲೊಂದು ಕಿತ್ತಳೆ ಬಣ್ಣದ ತೋಳಿಲ್ಲದ ಕೋಟು ಹಾಕಿಸಿದರು.

ಅವರ ಬ್ಲೈಂಡ್ ಎಲ್ಲಿದೆ ಅಂತ ಹತ್ತು ಹೆಜ್ಜೆ ಹತ್ತಿರ ಹೋಗುವವರೆಗೂ ನನಗೆ ತಿಳಿಯಲಿಲ್ಲ. ಸೆಪ್ಟೆಂಬರಿನಿಂದ ಅಲ್ಲೇ ನಿಂತಿದೆ. ಸುತ್ತ ಒಣಹುಲ್ಲು, ಓಕ್ ಕೊಂಬೆ ಸಿಕ್ಕಿಸಿದ್ದಾರೆ. ನೆತ್ತಿಯ ಮೇಲೆ ಮಾತ್ರ ಕಣ್ಣು ಕುಕ್ಕುವ ಕಿತ್ತಳೆ ಬಟ್ಟೆ.

‘ಇಷ್ಟೆಲ್ಲ ಬಚ್ಚಿಟ್ಟು ಮೇಲೆ ಇದನ್ಯಾಕೆ ಕಟ್ಟಿದ್ದೀರಿ ಸರ್?’ ಅಂದೆ.

‘ಅದು ಜಿಂಕೆಗಲ್ಲ, ಬಂದೂಕು ಹಿಡಿದವರಿಗೆ’ ಅಂದರು. ‘ಜಿಂಕೆ ಕಣ್ಣಿಗೆ ಈ ಬಣ್ಣ ಮಂಕು. ಸರ್ಕಾರಿ ಬೇಟೆ ಜಾಗದಲ್ಲಾದರೆ ನಿಯಮವೇ ಇದೆ. ಎಲ್ಲ ದಿಕ್ಕಿನಿಂದ 144 ಚದರ ಇಂಚು ಕಾಣಬೇಕು. ಇದು ನನ್ನದೇ ಜಮೀನು, ಆದರೂ ಕಟ್ಟುತ್ತೇನೆ. ಗುಂಡಿಗೆ ಬೇಲಿ ಎಲ್ಲಿ ಗೊತ್ತಾಗುತ್ತದೆ?’

ಒಳಗೆ ನೆಲದ ತರಗೆಲೆ ಪೂರ್ತಿ ಕೆರೆದು ತೆಗೆದಿದ್ದರು, ಕಾಲು ಆಡಿಸಿದರೆ ಸದ್ದಾಗಬಾರದು ಅಂತ. ಗೋಡೆಗಳ ಒಳಮೈ ಕಪ್ಪು. ಹಿಂದಿನ ಕಿಟಕಿಗಳನ್ನು ಮುಚ್ಚಿ ಮುಂದಿನದು ಒಂದನ್ನೇ ತೆರೆದರು. ಹಿಂದೆಯೂ ಬೆಳಕಿದ್ದರೆ ನಮ್ಮ ಆಕಾರ ನೆರಳಿನಂತೆ ಕಾಣುತ್ತದೆ. ಕಿತ್ತಳೆ ಕೋಟು ಬಿಟ್ಟರೆ ನಮ್ಮ ಕಪ್ಪು ಬಟ್ಟೆ ಆ ಕತ್ತಲಿನಲ್ಲಿ ಬೆರೆತುಹೋಯಿತು.

ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆಯಿಂದ ಗುಂಡು ಹಾರಿಸಬಹುದು. ಆದರೆ ಅವರಿಗೆ ಅವಸರವಿರಲಿಲ್ಲ. ಪಿಸುಮಾತಿನಲ್ಲಿ ಮಾತು ಮುಂದುವರಿಯಿತು. ಮರ ಯಾಕೆ ಬಿಟ್ಟಿರಿ ಅಂತ ಕೇಳಿದೆ. ಪಕ್ಕದ ತೋಟದವನು ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡನಂತೆ. ‘ಮೇಲೆ ಕೂತರೆ ನಮ್ಮ ವಾಸನೆ ಜಿಂಕೆಯ ತಲೆ ಮೇಲಿಂದ ಹಾರಿಹೋಗಬಹುದು. ಇಲ್ಲಿ ಗಾಳಿ ಯಾವ ಕಡೆಗಿದೆ ಅಂತ ನೋಡಿಯೇ ಕೂರಬೇಕು. ಆದರೆ ಇಲ್ಲಿಂದ ಬಿದ್ದರೆ ಕುರ್ಚಿಯಿಂದ ಬೀಳುತ್ತೇನೆ, ಅಷ್ಟೇ’ ಅಂದರು. ನಗು ತಡೆಯಲು ನಾನು ಸ್ವೆಟರಿನ ತೋಳು ಕಚ್ಚಿಕೊಂಡೆ.

ಆಮೇಲೆ ಬಂದವು ನೋಡಿ, ಒಂದು ತಾಯಿ, ಎರಡು ಮರಿ. ಹದಿನೈದು ಹೆಜ್ಜೆ ದೂರ. ತಾಯಿ ನಮ್ಮ ಗೂಡಿನ ಗೋಡೆಗೆ ಸಿಕ್ಕಿಸಿದ ಹುಲ್ಲನ್ನೇ ಮೂಸಲು ಬಂತು. ಅದರ ಮೂಗಿನಿಂದ ಹೊರಬಂದ ಹಬೆ ನನಗೆ ಕಾಣುತ್ತಿತ್ತು. ಬಂಡೀಪುರದ ಸಫಾರಿ ಬಸ್ಸಿನಲ್ಲಿ ಜಿಂಕೆಯ ಹಿಂಡನ್ನೇ ನೋಡಿದ್ದೇನೆ. ಅವು ನಮ್ಮನ್ನು ನೋಡಿಯೇ ನಿಂತಿರುತ್ತವೆ. ಇದಕ್ಕೆ ನಾನು ಅಲ್ಲಿ ಇರಲೇ ಇಲ್ಲ. ಒಂದು ಮರಿ ಇನ್ನೊಂದರ ಕಿವಿ ನೆಕ್ಕಿತು. ಮಾವ ಬಂದೂಕನ್ನು ಮೊಣಕಾಲ ಮೇಲಿಂದ ಎತ್ತಲಿಲ್ಲ. ನನ್ನ ಕಾಲು ಜೋಮು ಹಿಡಿದು, ಅದೂ ಮರೆತುಹೋಯಿತು. ಎಷ್ಟು ಹೊತ್ತು ನಿಂತವೋ ಗೊತ್ತಿಲ್ಲ.

ಹತ್ತು ಗಂಟೆ ಸುಮಾರಿಗೆ ಕವಲು ಕೊಂಬಿನ ಗಂಡು ಬಂತು, ಅವರು ಹೊಡೆದರು. ಮುಚ್ಚಿದ ಗೂಡಿನೊಳಗೆ ಆ ಸದ್ದು ಎದೆಗೇ ಬಡಿಯಿತು. ಕಿವಿಗೆ ಹತ್ತಿಯಲ್ಲ, ಕಿವಿ ಪೂರ್ತಿ ಮುಚ್ಚುವ ಒಳ್ಳೆಯ ಮಫ್ ಬೇಕು. ಮುಂದಿನ ಕೊಯ್ಯುವ ಕೆಲಸ ನಾನು ದೂರದಿಂದಲೇ ನೋಡಿದೆ.

ಬೇಟೆಯನ್ನು ಮರುದಿನ ಸಂಜೆ ಐದರೊಳಗೆ ಸರ್ಕಾರದಲ್ಲಿ ದಾಖಲಿಸಬೇಕು. ತಲೆಯನ್ನು ಪರೀಕ್ಷೆಗೆ ಕೊಟ್ಟು ಬಂದರು. ಕ್ರಾನಿಕ್ ವೇಸ್ಟಿಂಗ್ ಅನ್ನುವ ಮಾರಕ ಮಿದುಳಿನ ರೋಗ 2002ರಲ್ಲಿ ಈ ರಾಜ್ಯದ ಜಿಂಕೆಗಳಲ್ಲಿ ಕಾಣಿಸಿಕೊಂಡಿತು, ಈ ಕೌಂಟಿಯಲ್ಲೂ ಇದೆ. ಫಲಿತಾಂಶ ಬರುವವರೆಗೆ ಆ ಮನೆಯಲ್ಲಿ ಹೊಸ ಮಾಂಸ ಮುಟ್ಟುವುದಿಲ್ಲ. ರಾತ್ರಿ ಬಡಿಸಿದ್ದು ಹಿಂದಿನ ವರ್ಷದ್ದು. ಚೀಸ್ ತುಂಬಿದ ಸಾಸೇಜ್ ನನಗೆ ಸೇರಲಿಲ್ಲ. ಗೆಳೆಯ ಕಾಳುಮೆಣಸು ಹಾಕಿ ಹುರಿದದ್ದಕ್ಕೆ ಮಾತ್ರ ಮಾವನೂ ನಾನೂ ಪೈಪೋಟಿಗೆ ಬಿದ್ದೆವು.

ಊರಿಗೆ ಬಂದ ಮೇಲೆ ಗೆಳೆಯನ ಮೆಸೇಜ್ ಬಂತು: ರೋಗವಿಲ್ಲವಂತೆ. ಅವನ ಹೊಸ ಬ್ಲೈಂಡ್ ಈಗ ಕೊಟ್ಟಿಗೆಯ ಹಿಂದೆ ಬಯಲಲ್ಲಿ ಬಿಡಾರ ಹೂಡಿದೆಯಂತೆ, ವಾಸನೆ ಹೋಗಲಿ ಅಂತ. ಸದ್ಯಕ್ಕೆ ಬೆಕ್ಕು ಮಲಗುತ್ತಿದೆ.